ಮುಕ್ಕಾಲು ಇಂಚು

ಅವಳ ಎಡಭುಜಕ್ಕೆ ಮುಕ್ಕಾಲು ಇಂಚು ಎತ್ತರ ಸಾಲದಾಗಿತ್ತು. ಇಪ್ಪತ್ತಾರು ವರ್ಷ ಈ ವಿಷಯ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಿ ಈಗ ಹದಿನಾಲ್ಕು ಗಂಟೆಯಾಗಿತ್ತು.

ಅಥವಾ ಮೊದಲೇ ಗೊತ್ತಿತ್ತೇನೋ. ಬೆಳಿಗ್ಗೆ ಒಂಬತ್ತಕ್ಕೆ ಗಾರ್ಮೆಂಟ್ಸ್ ಕಾರ್ಖಾನೆಯ ಸ್ಯಾಂಪಲ್ ರೂಮಿನ ಸ್ಟೂಲಿನ ಮೇಲೆ ಮಡಿಲಲ್ಲಿ ರಟ್ಟಿನ ಕಾರ್ಡುಗಳನ್ನಿಟ್ಟುಕೊಂಡು ಕೂತಿದ್ದ ಅವಳಿಗೆ ಇದೊಂದೇ ಬಗೆಹರಿಯುತ್ತಿರಲಿಲ್ಲ. ಬ್ಲೌಸಿನ ಎಡ ಮುಂಭಾಗಕ್ಕೊಂದು ಕಾರ್ಡು, ಬಲ ಮುಂಭಾಗಕ್ಕೊಂದು, ಬೆನ್ನಿಗೊಂದು, ತೋಳಿಗೊಂದು. ಕಾರ್ಡಿನ ಅಂಚು ಹೇಗೋ ಕತ್ತರಿಸುವ ಬಟ್ಟೆಯೂ ಹಾಗೆ. ಗುಂಡಿಯ ಪಟ್ಟಿಯ ಅಗಲ ಬೇರೆ, ಕಾಜದ ಪಟ್ಟಿಯ ಅಗಲ ಬೇರೆಯಾದ್ದರಿಂದ ಎಡಬಲದ ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಹೋಲಿಸುವ ಪದ್ಧತಿ ಈ ರೂಮಿನಲ್ಲಿ ಇರಲಿಲ್ಲ. ಈಗ ಅವಳು ಇಟ್ಟು ನೋಡಿದಳು. ಪಟ್ಟಿಯ ಕಡೆ ಹೊಂದುವುದಿಲ್ಲ, ಅದು ಹೊಂದಬಾರದು. ಭುಜದ ಕಡೆಯೂ ಹೊಂದಲಿಲ್ಲ. ಕುತ್ತಿಗೆಯ ಹತ್ತಿರ ಎರಡೂ ಒಂದೇ ಆಗಿ ಹೊರಟು, ತುದಿಗೆ ಬರುವಾಗ ಎಡಗಡೆಯದು ತಲೆ ತಗ್ಗಿಸಿಕೊಂಡು ಹೋದ ಹಾಗೆ ಕೆಳಗಿಳಿದಿತ್ತು. ಅವಳು ಬೇಗನೆ ಬೇರೆ ಮಾಡಿ ಇಟ್ಟಳು. ಯಾರೂ ನೋಡುತ್ತಿರಲಿಲ್ಲ. ಗೋಡೆಯ ಕೊಕ್ಕೆಗಳಲ್ಲಿ ತೂಗುತ್ತಿದ್ದ ಹಳೆಯ ಸ್ಯಾಂಪಲ್ಲುಗಳಿಗೆ ತೋಳುಗಳಿದ್ದವು, ತಲೆಗಳಿರಲಿಲ್ಲ.

ಬ್ಯಾಗಿನ ಪಟ್ಟಿ ಯಾವಾಗಲೂ ಎಡಭುಜದಿಂದ ಜಾರುತ್ತಿತ್ತು. ಪಟ್ಟಿಯದೇ ದೋಷವೆಂದು ಮೂರು ಬ್ಯಾಗು ಬದಲಾಯಿಸಿದ್ದಳು. ಕಾರ್ಖಾನೆಯ ಗುರುತುಚೀಟಿಗೆ ಫೋಟೋ ತೆಗೆದವನು ‘ನೆಟ್ಟಗೆ ಕೂತ್ಕೊಳಮ್ಮ’ ಅಂದ, ಕೂತಳು. ‘ನೆಟ್ಟಗೆ’ ಅಂದ, ಮತ್ತೆ ಕೂತಳು. ಮೂರನೇ ಸಲ ಅವನು ಏನೂ ಅನ್ನದೆ ಕ್ಯಾಮೆರಾವನ್ನೇ ಸ್ವಲ್ಪ ಓರೆ ಹಿಡಿದು ಕ್ಲಿಕ್ಕಿಸಿದ. ಆ ಫೋಟೋದಲ್ಲಿ ಅವಳು ನೆಟ್ಟಗಿದ್ದಾಳೆ, ಹಿಂದಿನ ಗೋಡೆ ವಾಲಿದೆ. ಮೂರು ವರ್ಷ ಅದನ್ನು ಕೊರಳಿಗೆ ತೂಗಿಕೊಂಡು ಓಡಾಡಿದ್ದಳು, ಗೋಡೆ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿರಲಿಲ್ಲವೋ, ಬಿದ್ದರೂ ನೋಡಿರಲಿಲ್ಲವೋ.

ಆ ಮೂರು ವರ್ಷವನ್ನೂ ಅವಳು ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಕಳೆದಿದ್ದಳು. ಹೊಲಿದು ಬಂದ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡುವುದು, ಉಳಿದ ದಾರದ ತುದಿಗಳನ್ನು ಕತ್ತರಿಸುವುದು, ತಪ್ಪಿದ್ದರೆ ಕೆಂಪು ಚೀಟಿ ಅಂಟಿಸುವುದು. ದಿನಕ್ಕೆ ಹತ್ತು ಗಂಟೆ ನಿಂತೇ ಮಾಡುವ ಕೆಲಸ. ಸಂಜೆಗೆ ಕಾಲು ತನ್ನದಲ್ಲ ಅನ್ನಿಸುತ್ತಿತ್ತು. ಮೂರು ವಾರದ ಹಿಂದೆ ಮಾಸ್ಟರು, ಅಂದರೆ ಪ್ಯಾಟರ್ನ್ ಮಾಡುವ ಮುಖ್ಯಸ್ಥರು, ಟೇಬಲ್ಲುಗಳ ಸಾಲಿನಲ್ಲಿ ನಡೆದುಕೊಂಡು ಬಂದವರು ಅವಳ ಬೆನ್ನ ಹಿಂದೆ ನಿಂತರು. ಏನು ತಪ್ಪಾಯಿತೋ ಎಂದು ಅವಳ ಕೈ ನಿಂತಿತು.

“ಈ ಬ್ಲೌಸ್ ಯಾರಮ್ಮ ಹೊಲಿದದ್ದು?”

“ಅಮ್ಮ, ಸರ್.”

“ಆ ಕಡೆ ತಿರುಗು. ಈಗ ಈ ಕಡೆ. ಕೈ ಎತ್ತು.” ಅವರು ಕನ್ನಡಕ ಮೇಲೇರಿಸಿಕೊಂಡರು. “ಎಲ್ಲೂ ಒಂದು ಸುಕ್ಕಿಲ್ಲ ನೋಡ್ರೀ. ಮೈ ಅಂದ್ರೆ ಇದು. ಸ್ಯಾಂಪಲ್ ಹಾಕಿ ನೋಡೋಕೆ ಇಂಥ ಹುಡುಗಿನ ಬಿಟ್ಟು ನಾನು ಮರದ ಗೊಂಬೆಗೆ ತೊಡಿಸ್ತಾ ಕೂತಿದ್ದೀನಿ.”

ಅವತ್ತಿನಿಂದ ಚೆಕಿಂಗಿನವರ ಬಾಯಲ್ಲಿ ಅವಳು ಗೊಂಬೆಯಾದಳು. “ಗೊಂಬೆ ಬಂತು, ದಾರಿ ಬಿಡ್ರೇ.” “ಗೊಂಬೆಗೆ ಊಟ ಮಾಡೋಕೆ ಬಾಯಿ ಕೊಟ್ಟಿದ್ದಾರೇನೇ, ಇಲ್ಲ ಬರೀ ಬಣ್ಣಾನೋ?” ಅವಳಿಗೆ ಕೋಪ ಬರಲಿಲ್ಲ. ಕೂರುವುದಕ್ಕೆ ಸ್ಟೂಲು ಸಿಕ್ಕಿತ್ತು. ಮಾಸ್ಟರು ಬಾಯಿಬಿಟ್ಟು ಹೇಳಿದ್ದರು: ಒಂದು ತಿಂಗಳು ಸರಿಯಾಗಿ ಕಳೆದರೆ ಕಾಯಂ ಇಲ್ಲೇ, ಕಾರ್ಡು ಕತ್ತರಿಸುವುದನ್ನೂ ಕಲಿಸುತ್ತೇನೆ. ಮೈ ಸರಿಹೋಗದಿದ್ದರೆ ಮತ್ತೆ ಟೇಬಲ್ಲಿಗೆ. ಮನೆಗೆ ಹೋಗಿ ಇದನ್ನು ಹೇಳಿದಾಗ ಅಮ್ಮನ ಮುಖ ಅರಳಬೇಕಾಗಿತ್ತು. “ಬೇರೆಯವರು ಹೊಲಿದದ್ದು ಹಾಕ್ಕೊಂಡು ನಿಲ್ಲಬೇಕಾ?” ಎಂದು ಕೇಳಿದಳು ಅಮ್ಮ. ಅಷ್ಟೇ. ಹೊಟ್ಟೆಕಿಚ್ಚು ಅಂದುಕೊಂಡಿದ್ದಳು ಆಗ. ಕಣ್ಣು ಮಂಜಾಗಿ ಮಷಿನ್ನಿನ ಮೇಲೆ ಬಟ್ಟೆ ಹೊದಿಸಿಟ್ಟ ದರ್ಜಿಗೆ ಇನ್ನೊಬ್ಬರ ಹೊಲಿಗೆಯ ಮೇಲೆ ಹೊಟ್ಟೆಕಿಚ್ಚು ಬರದೆ ಇರುತ್ತದೆಯೇ? ಹಾಗೆ ಅಂದುಕೊಂಡದ್ದಕ್ಕೆ ಈಗ ನಾಚಿಕೆಯಾಯಿತು. ಆಮೇಲೆ ಆ ನಾಚಿಕೆಯ ಮೇಲೂ ಅನುಮಾನ ಬಂತು.

ಸ್ಟೂಲು ದೊಡ್ಡಕ್ಕನದು. ಈ ರೂಮಿನಲ್ಲಿ ಹತ್ತೊಂಬತ್ತು ವರ್ಷ ಸ್ಯಾಂಪಲ್ ಹೊಲಿದವಳು, ಎಲ್ಲರಿಗಿಂತ ಹಿರಿಯಳು, ಮಾಸ್ಟರಿಗೂ ದೊಡ್ಡಕ್ಕನೇ. ಮೊದಲ ಸ್ಯಾಂಪಲ್ ತಂದು ತೊಡಿಸಿದ ದಿನ ದೊಡ್ಡಕ್ಕ ತನ್ನ ಅಭ್ಯಾಸದಂತೆ ಎರಡೂ ಅಂಗೈಗಳನ್ನು ಅವಳ ಭುಜಗಳ ಮೇಲಿಟ್ಟು ಬಟ್ಟೆಯನ್ನು ಸವರಿ, “ಉಸಿರು ಬಿಡೇ ಮಾರಾಯ್ತಿ, ಪರೀಕ್ಷೆಗೆ ಕೂತಿದ್ದೀಯಾ” ಅಂದಿದ್ದಳು. ಉಸಿರು ಬಿಟ್ಟಳು. ಕುತ್ತಿಗೆಯಿಂದ ಎಡಕಂಕುಳಿನ ಕಡೆಗೆ ಮೂರು ಸುಕ್ಕು ಎದ್ದವು. ದೊಡ್ಡಕ್ಕ ಬಿಚ್ಚಿ ಹೊಲಿದಳು. ಮತ್ತೆ ಮೂರು ಸುಕ್ಕು. ಮತ್ತೆ ಬಿಚ್ಚಿದಳು. ಮೂರನೇ ಸಲ ಮಾಸ್ಟರು ಟೀ ಲೋಟ ಹಿಡಿದುಕೊಂಡು ಬಂದು ನಿಂತರು. ದೊಡ್ಡಕ್ಕ ಬ್ಲೌಸನ್ನು ಟೇಬಲ್ಲಿನ ಮೇಲೆ ಹರಡಿ ಟೇಪು ಹಿಡಿದು ತೋರಿಸಿದಳು.

“ಎರಡೂ ಭುಜ ಒಂದೇ ಇದೆ ಮಾಸ್ಟ್ರೇ, ನೀವೇ ನೋಡಿ.”

“ಟೇಪು ನೋಡಿ ನಾನೇನು ಮಾಡ್ಲಿ? ಸುಕ್ಕು ಟೇಪಿನ ಮೇಲಿದೆಯಾ, ಮೈ ಮೇಲಿದೆಯಾ?”

“ಮೈ ಮೇಲೆ.”

“ಹಾಂ. ಟೇಪು ಸುಳ್ಳು ಹೇಳಬಹುದು, ಮೈ ಹೇಳಲ್ಲ. ಕಾರ್ಡು ಕತ್ತರಿಸಿದ್ದು ಯಾರು?”

“ನಾನೇ.”

“ಕನ್ನಡಕ ಬದಲಾಯಿಸಿ ಎಷ್ಟು ವರ್ಷ ಆಯ್ತು ದೊಡ್ಡಕ್ಕ?”

ದೊಡ್ಡಕ್ಕ ಟೇಪನ್ನು ಸುತ್ತತೊಡಗಿದಳು. ಸುತ್ತಿ ಮುಗಿದ ಮೇಲೂ ಬೆರಳು ಸುತ್ತುತ್ತಲೇ ಇತ್ತು. ಆಗ ಮಾಸ್ಟರು ಇವಳ ಕಡೆ ತಿರುಗಿ, “ಹಾಕ್ಕೊಂಡವಳು ನೀನು, ಎಲ್ಲಿ ಹಿಡೀತಿದೆ ಹೇಳು” ಅಂದರು. ಅವಳ ಬಲಗೈ ತಾನಾಗಿ ಎಡಭುಜದ ತುದಿಗೆ ಹೋಗಿ ಬಟ್ಟೆಯನ್ನು ಚಿವುಟಿ ಹಿಡಿಯಿತು. ಸುಕ್ಕು ಮಾಯವಾಯಿತು. ಮಾಸ್ಟರು ಅಲ್ಲೇ ಗುಂಡುಸೂಜಿ ಚುಚ್ಚಿ ಅಳೆದರು. ಮುಕ್ಕಾಲು ಇಂಚು. ಎಡ ಮುಂಭಾಗದ ಕಾರ್ಡಿನಲ್ಲಿ ಅರ್ಧ ಪಾಲು, ಬೆನ್ನಿನ ಕಾರ್ಡಿನ ಎಡಗಡೆಯಲ್ಲಿ ಅರ್ಧ ಪಾಲು ಹಂಚಿ ತಾವೇ ಕತ್ತರಿ ಹಿಡಿದು ಕತ್ತರಿಸಿದರು, ಕಂಕುಳನ್ನೂ ಅಷ್ಟೇ ಕೆಳಗಿಳಿಸಿದರು. “ನೋಡಿ ದೊಡ್ಡಕ್ಕ, ನಿನ್ನೆ ಮೊನ್ನೆ ಬಂದವಳ ಕೈಗೆ ಗೊತ್ತಾಯ್ತು.” ಆ ಕಾರ್ಡಿನಿಂದ ಇನ್ನೊಂದು ಸ್ಯಾಂಪಲ್ ಹೊಲಿಸಿದರು. ಅದು ಅವಳ ಮೈಗೆ ನೀರು ಕೂತ ಹಾಗೆ ಕೂತಿತು. ಮಾರನೆಯ ದಿನ ದೊಡ್ಡಕ್ಕನನ್ನು ಮಡಿಸುವ ಟೇಬಲ್ಲಿಗೆ ಕಳಿಸಿದರು.

ಕೈಗೆ ಹೇಗೆ ಗೊತ್ತಾಯಿತು? ಇದೇ ಪ್ರಶ್ನೆ. ಚಿಕ್ಕವಳಿದ್ದಾಗ ಪ್ರತಿ ಬಟ್ಟೆಯ ಅಳತೆ ನೋಡುವಾಗಲೂ ಅಮ್ಮ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಮಾತಾಡಲಾಗದೆ, ಅದೇ ಜಾಗದಲ್ಲಿ ಚಿವುಟಿ ಹಿಡಿಯುತ್ತಿದ್ದಳು. ಪ್ರತಿ ಸಲವೂ ಎಡಗಡೆ. ಬಲಗಡೆ ಎಂದೂ ಇಲ್ಲ. ಎಲ್ಲರಿಗೂ ಹೀಗೇ ಅಳತೆ ನೋಡುತ್ತಾರೆ ಎಂದುಕೊಂಡಿದ್ದಳು. ಹಾಗಾದರೆ ಬೆರಳಿಗೆ ಗೊತ್ತಿದ್ದದ್ದು ಅವಳಿಗೆ ಗೊತ್ತಿದ್ದ ಹಾಗೆಯೋ, ಅಲ್ಲವೋ? ಚಿವುಟಿದ ಆ ಕ್ಷಣದಲ್ಲಿ ಒಳಗೆ ಎಲ್ಲೋ ಒಂದು ‘ಬೇಡ’ ಕೇಳಿಸಿತ್ತು. ಈಗ ಯೋಚಿಸುವಾಗ ಕೇಳಿಸುತ್ತಿದೆ. ಆಗಲೇ ಕೇಳಿಸಿತ್ತೋ, ಈಗ ಹಿಂದಕ್ಕೆ ಹೋಗಿ ತಾನೇ ಅದನ್ನು ಅಲ್ಲಿ ಇಟ್ಟು ಬಂದಳೋ.

ನಿನ್ನೆ ಸಂಜೆ ಅವಳು ಖುಷಿಯಲ್ಲೇ ಇದ್ದಳು. ಸ್ಯಾಂಪಲ್ ರೂಮಿನವಳು ತನ್ನ ಬ್ಲೌಸನ್ನು ತಾನೇ ಹೊಲಿದುಕೊಳ್ಳಬೇಕು ಎಂದು ಹಟ ಬಂದಿತ್ತು. ತಿದ್ದಿದ ಕಾರ್ಡುಗಳನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಮನೆಗೆ ಒಯ್ದಿದ್ದಳು. ಗೆರೆಗೆರೆಯ ಬೂದು ಬಟ್ಟೆಯನ್ನೂ ಆರಿಸಿ ತಂದಿದ್ದಳು. ಕುತ್ತಿಗೆ ತನಗೆ ಸ್ವಲ್ಪ ಎತ್ತರವಾಯಿತು ಅನ್ನಿಸಿ, ಎಷ್ಟು ಇಳಿಸಬೇಕೆಂದು ನೋಡಲು ಅವಳ ಬ್ಲೌಸಿಗೆಂದು ಅಮ್ಮ ಮಾಡಿಟ್ಟಿದ್ದ ಹಳೆಯ ಕಾಗದದ ಪ್ಯಾಟರ್ನನ್ನು ಟ್ರಂಕಿನಿಂದ ತೆಗೆದಳು. ಅಂಗಡಿಯ ಸಾಮಾನು ಕಟ್ಟುವ ಕಂದು ಕಾಗದ, ಮಡಿಕೆಗಳಲ್ಲಿ ಹರಿದು ಅಂಟಿಸಿದ್ದು. ಎಡಭಾಗವನ್ನು ತನ್ನ ಪತ್ರಿಕೆಯ ಮೇಲಿಟ್ಟಳು. ಕುತ್ತಿಗೆ ಬೇರೆ, ಉದ್ದ ಬೇರೆ. ಭುಜದ ಇಳಿಜಾರು ಮಾತ್ರ ಗೆರೆಗೆ ಗೆರೆ ಕೂತಿತು. ಅಷ್ಟು ಸರಿಯಾಗಿ ಕೂತದ್ದು ನೋಡಿ ಮೊದಲು ಹೆಮ್ಮೆಯಾಯಿತು. ಮಾಸ್ಟರು ಮೊನ್ನೆ ಕಂಡುಹಿಡಿದದ್ದನ್ನು ಅಮ್ಮ ಯಾವತ್ತೋ ಮಾಡಿಟ್ಟಿದ್ದಾಳೆ. ಆಮೇಲೆ ಬಲಭಾಗವನ್ನು ತೆಗೆದಳು.

“ಅಮ್ಮಾ, ಈ ಎಡಗಡೆದು ಯಾಕೆ ಹೀಗಿದೆ?”

ಅಮ್ಮ ಮಂಚದ ಮೇಲೆ ಕೂತು ಕಣ್ಣಿಗೆ ತೀರಾ ಹತ್ತಿರ ಹಿಡಿದು ಮಾತ್ರೆಯೊಂದನ್ನು ನೋಡುತ್ತಿದ್ದಳು. ಕಾಗದ ಕೈಗೆ ಕೊಟ್ಟರೆ ನೋಡಲಿಲ್ಲ, ಅಂಚಿನ ಮೇಲೆ ಬೆರಳೋಡಿಸಿದಳು. “ಅದು ಹಾಗೇ ಇರೋದು.”

“ಎಲ್ಲರದೂ ಹಾಗಾ?”

“ಎಲ್ಲರದೂ ನನಗ್ಯಾಕೆ? ನಿಂದು ಹಾಗೆ.”

“ನನ್ನ ಭುಜಾನಾ?”

“ಇನ್ನೇನು, ಕಾಗದದ್ದಾ?”

“ಹುಟ್ಟಿದಾಗಿನಿಂದ?”

“ಹುಟ್ಟುವಾಗ ಕೈ ಮೊದಲು ಬಂತು ನಿಂದು. ಆ ನರ್ಸಮ್ಮ ಎಳೆದುಬಿಟ್ಟಳು.” ಅಮ್ಮ ಮಾತ್ರೆ ನುಂಗಿ ನೀರು ಕುಡಿದಳು. ಯಾರೂ ಕೇಳದಿದ್ದರೂ, “ನಾಲ್ಕನೇ ಕ್ಲಾಸಿಂದ ಹೊಲಿದ ಬಟ್ಟೆ ಗಂಟು ನೀನೇ ಅಲ್ವಾ ಮನೆಮನೆಗೆ ಕೊಟ್ಟು ಬರ್ತಿದ್ದದ್ದು. ಬೇಡ ಅಂದ್ರೂ ಎಡಗಡೆಗೇ ಹಾಕ್ಕೊಂಡು ಹೋಗ್ತಿದ್ದೆ” ಅಂದಳು.

“ಬೇಡ ಅಂದಿದ್ದು ಯಾವಾಗ?”

“ಅಂದಿರ್ತೀನಿ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೆಟ್ಟಗಾಗ್ತಿತ್ತಾ? ಭುಜ ಸರಿಮಾಡೋದು ನನ್ನ ಕೈಲಿರಲಿಲ್ಲ. ಬಟ್ಟೆ ಸರಿಮಾಡೋದಿತ್ತು, ಮಾಡ್ದೆ.” ಅಮ್ಮ ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಿಸಿದಳು. ಕಣ್ಣು ಕಾಣದಿದ್ದರೂ ಒಂದು ಮಡಿಕೆಯೂ ತಪ್ಪಲಿಲ್ಲ. “ಹೊಲಿ ಹೋಗು. ಸರಿಯಾಗೇ ಕೂರುತ್ತೆ.”

ಅವಳು ಹೊಲಿಯಲಿಲ್ಲ. ಇದನ್ನು ಮಮತೆ ಅನ್ನಬೇಕೋ ಇನ್ನೇನು ಅನ್ನಬೇಕೋ ತಿಳಿಯಲಿಲ್ಲ. ಬಟ್ಟೆ ಹೊಲಿಸಲು ಬಂದ ಹೆಂಗಸರ ಮುಂದೆ ಅಮ್ಮ ಅವಳನ್ನು ಕರೆದು, ಸುತ್ತ ತಿರುಗಿಸಿ ತೋರಿಸುತ್ತಿದ್ದಳು: ನೋಡಿ, ನನ್ನ ಹೊಲಿಗೆ ಹೀಗೆ. ಮಗಳ ಮೈಮೇಲೆ ಒಂದು ಸುಕ್ಕು ಕಂಡರೆ ಯಾರು ತಾನೇ ಬಟ್ಟೆ ಕೊಡುತ್ತಾರೆ? ಸೊಟ್ಟ ಮಗಳನ್ನು ಮುಚ್ಚಿದ್ದು ಮಗಳಿಗಾಗಿಯೋ, ಕಸುಬಿಗಾಗಿಯೋ? ಎರಡೂ ಇರಬಹುದು. ಎರಡೂ ಇದ್ದರೆ ಯಾವುದು ಎಷ್ಟು ಪಾಲು? ಅವಳು ಕನ್ನಡಿಯ ಮುಂದೆ ನಿಂತು ಬ್ಲೌಸು ತೆಗೆದು ಮೊದಲ ಸಲ ತನ್ನ ಭುಜಗಳನ್ನು ನೋಡಿದಳು. ಮೊದಲು ಏನೂ ಕಾಣಲಿಲ್ಲ, ಆಮೇಲೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಎಡಭುಜವನ್ನು ಎತ್ತಿ ನೋಡಿದಳು. ಕುತ್ತಿಗೆಯ ಪಕ್ಕದಲ್ಲಿ ಒಂದು ನರ ಹುರಿಗಟ್ಟಿತು, ಭುಜಗಳು ಸಮನಾದವು. ಹಾಗೇ ಹಿಡಿದುಕೊಂಡು ಎಣಿಸಿದಳು. ನೂರ ಹತ್ತರವರೆಗೆ ಹಿಡಿಯಬಹುದಾಗಿತ್ತು. ಯಾಕೆ ಎಣಿಸಿದೆ ಎಂದು ಆಗ ಕೇಳಿಕೊಳ್ಳಲಿಲ್ಲ.

“ಗೊಂಬೆ, ಕಾರ್ಡು ತಾರಮ್ಮ.” ಬಟ್ಟೆ ಕತ್ತರಿಸುವವನು ಬಾಗಿಲಲ್ಲಿ ನಿಂತಿದ್ದ. ಎಡಗೈಗೆ ಉಕ್ಕಿನ ಬಲೆಯ ಕೈಗವಸು ಹಾಕಿದ್ದ. ಅವಳು ಕಾರ್ಡುಗಳನ್ನು ಎದೆಗವಚಿಕೊಂಡು ಅವನ ಹಿಂದೆ ನಡೆದಳು. ಉದ್ದನೆಯ ಟೇಬಲ್ಲಿನ ಮೇಲೆ ತಿಳಿನೀಲಿ ಬಟ್ಟೆ ಪದರದ ಮೇಲೆ ಪದರವಾಗಿ ಗೇಣೆತ್ತರಕ್ಕೆ ಹರಡಿತ್ತು. ಅಷ್ಟು ನೀಲಿ ಒಟ್ಟಿಗೆ ಬಿದ್ದಿರುವುದನ್ನು ನೋಡಿ ಅವಳಿಗೆ ಒಂದು ಕ್ಷಣ ತಾನು ಬಂದದ್ದು ಯಾಕೆಂದೇ ಮರೆತುಹೋಯಿತು. ಒಂದು ಮಾತು ಸಾಕು: ತಡೀರಿ, ಮಾಸ್ಟರು ಬರಲಿ. ಮಾಸ್ಟರು ಊರಾಚೆಯ ಇನ್ನೊಂದು ಘಟಕಕ್ಕೆ ಹೋಗಿದ್ದರು, ಮಧ್ಯಾಹ್ನ ಬರುತ್ತಾರೆ. ಯಾಕೆ ತಡೀಬೇಕು ಅಂದರೆ? ನನ್ನ ಭುಜ ಸೊಟ್ಟ ಅನ್ನಬೇಕು. ಗಂಡಸಿನ ಮುಂದೆ, ಈ ಟ್ಯೂಬ್‌ಲೈಟಿನ ಕೆಳಗೆ. ಅಂದಮೇಲೆ ಸ್ಟೂಲು ಬಿಟ್ಟು ಮತ್ತೆ ದಾರದ ತುದಿ ಕತ್ತರಿಸಬೇಕು. ಅಲ್ಲದೆ ತಾನು ಅಂದುಕೊಂಡದ್ದೇ ತಪ್ಪಿದ್ದರೆ? ಅಮ್ಮನ ಕಣ್ಣಿಗೇ ದೋಷವಿದ್ದು, ದೊಡ್ಡಕ್ಕ ಕತ್ತರಿಸಿದ ಕಾರ್ಡೇ ನಿಜವಾಗಿ ತಪ್ಪಾಗಿದ್ದರೆ? ಮಾಸ್ಟರಿಗಿಂತ ತನಗೆ ಹೆಚ್ಚು ಗೊತ್ತೇ?

“ಇದೇ ಫೈನಲ್ ತಾನೇ?”

“ಹೂಂ.”

ಅವನು ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದ. ಮಷಿನ್ನಿನ ಬ್ಲೇಡು ಬಟ್ಟೆಯೊಳಗೆ ಸದ್ದಿಲ್ಲದೆ ಹೋಯಿತು, ಸದ್ದೆಲ್ಲ ಮೋಟಾರಿನದು. ಎಡಭುಜದ ತಿರುವಿನಲ್ಲಿ ಅವನ ಕೈ ಸ್ವಲ್ಪ ನಿಧಾನವಾಯಿತು. ಕೈ ಮುಂದೆ ಹೋಯಿತು. ಕತ್ತರಿಸಿ ಬಿದ್ದ ಚೂರುಗಳನ್ನು ಅವನು ಕೆಳಗಿನ ಚೀಲಕ್ಕೆ ತಳ್ಳಿದ. ಆ ಚೂರುಗಳಲ್ಲೇ ಮುಕ್ಕಾಲು ಇಂಚು ಇತ್ತು. ಜಾಸ್ತಿ ಬಿಟ್ಟ ಬಟ್ಟೆಯನ್ನು ಒಳಗೆ ಮಡಿಸಬಹುದು, ಕತ್ತರಿಸಿದ್ದನ್ನು ಯಾವ ದರ್ಜಿಯೂ ಬೆಳೆಸಲಾರಳು ಎಂದು ಅಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದಳು.

ಮೂರು ಗಂಟೆಗೆ, ಮಾಸ್ಟರು ಬಂದು ಕುರ್ಚಿಯಲ್ಲಿ ಕೂತು ಶೂ ಸಡಿಲಿಸುತ್ತಿದ್ದಾಗ, ದೊಡ್ಡಕ್ಕ ಕೈಯಲ್ಲಿ ಎರಡು ನೀಲಿ ಬ್ಲೌಸು ಹಿಡಿದುಕೊಂಡು ಒಳಗೆ ಬಂದಳು. ತನ್ನದೇ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಹೊಸಬಳ ಹಾಗೆ ಅನುಮಾನಿಸಿದಳು.

“ಇದನ್ನ ಮಡಿಸೋಕಾಗ್ತಿಲ್ಲ ಮಾಸ್ಟ್ರೇ.”

“ಮಡಿಸೋಕೂ ನಾನೇ ಬರಬೇಕಾ?”

ದೊಡ್ಡಕ್ಕ ಟೇಬಲ್ಲಿನ ಮೇಲೆ ಒಂದನ್ನು ಬೆನ್ನು ನಡುವಿಗೆ ಸರಿಯಾಗಿ ಮಡಿಸಿದಳು. ಒಂದು ಭುಜದ ಮೇಲೆ ಇನ್ನೊಂದು ಭುಜ ಕೂರಬೇಕು. ಬಲಗಡೆಯದು ಮೇಲಕ್ಕೆ ಇಣುಕಿತು. ಇನ್ನೊಂದು ಪೀಸು ಮಡಿಸಿದಳು. ಅದರಲ್ಲೂ ಇಣುಕಿತು. ಮಾಸ್ಟರು ಒಂದು ಕಾಲಿನ ಶೂ ಬಿಚ್ಚಿಕೊಂಡೇ ಎದ್ದು ಬಂದರು, ಟೇಪು ಹಿಡಿದರು. ಗೋಡೆಯ ಕೊಕ್ಕೆಯಿಂದ ಮೊದಲನೆಯ ಸ್ಯಾಂಪಲ್ಲನ್ನು, ಕಾರ್ಡು ತಿದ್ದುವ ಮುಂಚೆ ದೊಡ್ಡಕ್ಕ ಹೊಲಿದದ್ದನ್ನು, ತೆಗೆದು ಇವಳ ಕೈಗೆಸೆದರು. “ಹಾಕ್ಕೊಂಡು ಬಾ.”

ಅವಳು ಪರದೆಯ ಹಿಂದೆ ಹೋಗಿ ಗುಂಡಿ ಹಾಕಿಕೊಂಡಳು. ಹೊರಗೆ ಬರುವ ಮುಂಚೆ ಎಡಭುಜ ಮೇಲೇರಿತ್ತು. ಅವಳು ಏರಿಸಿದಳೆಂದು ಹೇಳುವಂತಿರಲಿಲ್ಲ, ಏರಿಸಲಿಲ್ಲವೆಂದೂ ಹೇಳುವಂತಿರಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಬಂದು ನಿಂತಳು. ಒಂದು, ಎರಡು, ಮೂರು. ಮಾಸ್ಟರು ಸುತ್ತ ಬಂದರು. ಸುಕ್ಕಿರಲಿಲ್ಲ.

“ಅವತ್ತು ಮೂರು ಸುಕ್ಕಿತ್ತಲ್ಲ.”

ಇಪ್ಪತ್ತೆರಡು, ಇಪ್ಪತ್ತಮೂರು.

“ಅಂದ್ರೆ ಬಟ್ಟೆ ಈಗ ಸರಿ ಇದೆ, ಅವತ್ತು ಸರಿ ಇರಲಿಲ್ಲ. ನನ್ನ ಹಿಂದೆ ಬಿಚ್ಚಿ ಮತ್ತೆ ಹೊಲಿದಿಟ್ರಾ ದೊಡ್ಡಕ್ಕ? ಹೊಲಿಗೆ ತಪ್ಪು ಮುಚ್ಚೋಕೆ ಹೋಗಿ ನಾನು ಕಾರ್ಡು ಕತ್ತರಿಸೋ ಹಾಗೆ ಮಾಡಿದ್ರಾ?”

“ಬಿಚ್ಚಿದ್ದೆಲ್ಲ ನಿಮ್ಮೆದುರಿಗೇ ಬಿಚ್ಚಿದ್ದು.”

“ಮತ್ತೆ ಮೈ ಬದಲಾಯ್ತಾ? ಅಷ್ಟೂ ಪೀಸು ಯಾರ ತಲೆಗೆ ಕಟ್ಟಲಿ ನಾನು? ನಾಳೆಯಿಂದ ಮಡಿಸೋದೂ ಬೇಡ, ಮನೇಲಿರಿ.”

ಐವತ್ತೆಂಟು, ಐವತ್ತೊಂಬತ್ತು. ದೊಡ್ಡಕ್ಕ ಇವಳನ್ನು ನೋಡುತ್ತಿದ್ದಳು. ಮುಖವನ್ನಲ್ಲ, ಕುತ್ತಿಗೆಯ ಪಕ್ಕದಲ್ಲಿ ಹುರಿಗಟ್ಟಿದ್ದ ನರವನ್ನು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೊಲಿಗೆ ಎಲ್ಲಿ ಎಳೆಯುತ್ತಿದೆ ಎಂದು ನೋಡುವಾಗ ಹೇಗೆ ನೋಡುತ್ತಿದ್ದಳೋ ಹಾಗೆ ನೋಡುತ್ತಿದ್ದಳು. ಬಳಿಗೆ ಬಂದಳು. ಬೆವರು ಮತ್ತು ಇಸ್ತ್ರಿಯ ವಾಸನೆ ಬಂತು. ಹತ್ತೊಂಬತ್ತು ವರ್ಷದ ಅಭ್ಯಾಸದಂತೆ ಎರಡೂ ಅಂಗೈಗಳನ್ನು ಭುಜಗಳ ಮೇಲಿಟ್ಟು ಬಟ್ಟೆಯನ್ನು ಸವರಿದಳು. ಅಂಗೈಗಳಲ್ಲಿ ಭಾರವಿರಲಿಲ್ಲ, ಇದ್ದರೂ ಅಂಗೈಯಷ್ಟೇ ಭಾರ.

“ಉಸಿರು ಬಿಡೇ,” ಅಂದಳು.

ಎಂಬತ್ತೊಂದು. ಇನ್ನೂ ಇಪ್ಪತ್ತೊಂಬತ್ತು ಉಳಿದಿತ್ತು. ಅಷ್ಟರಲ್ಲಿ ಮಾಸ್ಟರು ತಿರುಗಿಕೊಂಡುಬಿಡಬಹುದಿತ್ತು. ಉಸಿರು ಹೊರಗೆ ಹೋಯಿತು. ಭುಜ ಇಳಿಯಿತು. ಇಳಿಸಿದವಳು ತಾನೋ, ಆ ಅಂಗೈಯೋ, ಅಥವಾ ನರವೇ ಸೋತು ಬಿಟ್ಟುಕೊಟ್ಟಿತೋ, ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಕುತ್ತಿಗೆಯಿಂದ ಎಡಕಂಕುಳಿನ ಕಡೆಗೆ ಮೂರು ಸುಕ್ಕು ಎದ್ದವು.

ಮಾಸ್ಟರು ಸುಕ್ಕುಗಳನ್ನೂ ಅವಳ ಎಡಭುಜವನ್ನೂ ನೋಡಿದರು. ಆಮೇಲೆ ಕುರ್ಚಿಗೆ ಹೋಗಿ ಬಿಚ್ಚಿದ್ದ ಶೂವನ್ನು ಮತ್ತೆ ಹಾಕಿಕೊಳ್ಳತೊಡಗಿದರು. ದೊಡ್ಡಕ್ಕ ಸ್ಟೂಲಿನ ಮೇಲೆ ಕೂರಲಿಲ್ಲ, ಅದರ ಮೇಲಿದ್ದ ಕಾರ್ಡುಗಳನ್ನು ತೆಗೆದು ಟೇಬಲ್ಲಿನ ಮೇಲಿಟ್ಟಳು. ಇವಳು ಪರದೆಯ ಹಿಂದೆ ಹೋಗಿ ತನ್ನ ಬ್ಲೌಸು ಹಾಕಿಕೊಂಡು, ಯಾರೂ ಹೇಳುವ ಮುಂಚೆ, ಚೆಕಿಂಗ್ ಟೇಬಲ್ಲಿನ ಕಡೆ ನಡೆದಳು. ಬ್ಯಾಗಿನ ಪಟ್ಟಿ ಎರಡು ಸಲ ಜಾರಿತು.

ಸಂಜೆ ಐದಕ್ಕೆ ಕತ್ತರಿಸುವವನು ಕೈಗವಸು ತೆಗೆದಿಟ್ಟು ಹಾಳಾದ ತುಂಡುಗಳನ್ನು ಎಣಿಸಿದ. ಎಡ ಮುಂಭಾಗ ಆರುನೂರ ನಲವತ್ತು. ಬೆನ್ನು ಆರುನೂರ ನಲವತ್ತು. ಬಲ ಮುಂಭಾಗಗಳು ಅಷ್ಟೂ ಸರಿಯಾಗಿದ್ದವು, ಅವನ್ನು ಎಣಿಸಲಿಲ್ಲ.